ಕೆನ್ನೆಯ ನರಶೂಲೆಗೆ ಬಲೂನು ಚಿಕಿತ್ಸೆ

ಪ್ರಶ್ನೆ: ನನ್ನ ತಾಯಿಗೆ 71 ವರ್ಷ. ಮೂರು ವರ್ಷಗಳಿಂದ ಬಲಗೆನ್ನೆಯಲ್ಲಿ ಕರೆಂಟು ಹೊಡೆದಂಥ ನೋವು. ಹಲ್ಲಿನದೆಂದು ತಿಳಿದು ಎರಡು ದವಡೆಹಲ್ಲು ಕೀಳಿಸಿದರೂ ಹೋಗಲಿಲ್ಲ. ಬಳಿಕ ಎಂಆರ್‌ಐ ಮಾಡಿಸಿ, ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂದರು. ಕಾರ್ಬಮಜೆಪಿನ್ ಮಾತ್ರೆಯಿಂದ ಮೊದಲು ಗುಣ ಕಂಡಿತು. ಈಗ ಪ್ರಮಾಣ ಹೆಚ್ಚಿಸಿದರೆ ತಲೆ ತಿರುಗುತ್ತದೆ, ರಕ್ತದ ಸೋಡಿಯಂ ಕೂಡ ಇಳಿದಿದೆ. ಬಲೂನು ಶಸ್ತ್ರಚಿಕಿತ್ಸೆ ಮಾಡಬಹುದೆಂದು ಹುಬ್ಬಳ್ಳಿಯ ವೈದ್ಯರ ಸಲಹೆ. ಮುಖ ಸೊಟ್ಟಗಾಗುತ್ತದೆಂದು ನೆಂಟರು ಹೆದರಿಸುತ್ತಿದ್ದಾರೆ.
— ಓದುಗರೊಬ್ಬರು, ಕಾರವಾರ

ಉತ್ತರ: ನೆಂಟರ ಹೆದರಿಕೆಗೆ ಮೊದಲು ಉತ್ತರಿಸುತ್ತೇನೆ. ಮುಖದ ಸ್ನಾಯುಗಳನ್ನು ಆಡಿಸುವ ನರ ಬೇರೆ, ನಿಮ್ಮ ತಾಯಿಗೆ ನೋವು ಕೊಡುತ್ತಿರುವ ನರ ಬೇರೆ. ಟ್ರೈಜೆಮಿನಲ್ ನರವು ಹಣೆ, ಕೆನ್ನೆ, ದವಡೆಗಳ ಸ್ಪರ್ಶವನ್ನು ಮಿದುಳಿಗೆ ಒಯ್ಯುತ್ತದೆ, ಅಗಿಯುವ ಸ್ನಾಯುಗಳನ್ನು ನಡೆಸುತ್ತದೆ. ಹಾಗಾಗಿ ಈ ಚಿಕಿತ್ಸೆಯಲ್ಲಿ ಎದುರಾಗುವುದು ಸೊಟ್ಟ ಮುಖವಲ್ಲ, ಜೋಮು ಹಿಡಿದ ಕೆನ್ನೆ.

ಸಂಜೆಯ ಕಡಲಗಾಳಿಗೆ ಸೆರಗನ್ನು ಕೆನ್ನೆಗೆ ಒತ್ತಿಕೊಂಡೇ ಅಂಗಳಕ್ಕಿಳಿಯುವವರನ್ನು, ಗಂಜಿಯನ್ನೂ ಒಂದೇ ಬದಿಯಿಂದ ನುಂಗುವವರನ್ನು ನಾನು ನೋಡಿದ್ದೇನೆ. ಇಂಥವರಿಗೆ ಹಲ್ಲು ಕೀಳಿಸುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ, ಇನ್ನೊಂದು ಹಲ್ಲಿಗೆ ಕೈಹಾಕಬೇಡಿ ಎಂದು ಹೇಳಿಯೇ ಮುಂದುವರಿಯಬೇಕಾಗುತ್ತದೆ.

ಈ ಬಲೂನು ವಿಧಾನವನ್ನು ನರಶಸ್ತ್ರಚಿಕಿತ್ಸಕರಾದ ಮಲನ್ ಮತ್ತು ಲಿಕ್ಟರ್ 1983ರಲ್ಲಿ ವರದಿ ಮಾಡಿದರು. ಪೂರ್ಣ ಅರಿವಳಿಕೆ ಕೊಟ್ಟು, ಬಾಯಿಯ ಮೂಲೆಯಿಂದ ಸುಮಾರು 2.5 ಸೆಂ.ಮೀ. ಹೊರಗೆ, ಕೆನ್ನೆಯ ಮೂಲಕ ಸೂಜಿಯನ್ನು ತೂರಿಸಿ, ಎಕ್ಸ್-ರೇ ಪರದೆಯಲ್ಲಿ ದಾರಿ ನೋಡಿಕೊಳ್ಳುತ್ತ ತಲೆಬುರುಡೆಯ ತಳದ ಅಂಡಾಕಾರದ ರಂಧ್ರದವರೆಗೆ ಒಯ್ಯುತ್ತಾರೆ. ಅದರೊಳಗಿಂದ ಸಾಗಿಸಿದ ತೆಳು ಕೊಳವೆಯ ತುದಿಯ ಬಲೂನು, ನರದ ಗಂಟು (ನರಕೋಶಗಳ ಗುಂಪು) ಕುಳಿತಿರುವ ಪುಟ್ಟ ಗೂಡಿನಲ್ಲಿ ಉಬ್ಬುತ್ತದೆ. ಬಲೂನಿಗೆ ತುಂಬುವುದು ಗಾಳಿಯನ್ನಲ್ಲ, ಪರದೆಯಲ್ಲಿ ಕಾಣುವ ದ್ರವವನ್ನು. ಅದೂ ಒಂದು ಮಿಲಿಲೀಟರಿನ ಆಸುಪಾಸು. ಸರಿಯಾದ ಜಾಗದಲ್ಲಿದ್ದರೆ ಅದು ಪೇರ್ ಹಣ್ಣಿನಂತೆ ಕಾಣುತ್ತದೆಂದು ಪುಸ್ತಕಗಳು ಹೇಳುತ್ತವೆ. ನಮ್ಮ ಕಡೆಯವರು ಬೀಜ ಕಿತ್ತ ಗೇರುಹಣ್ಣನ್ನು ನೆನೆದರೆ ಸಾಕು. ಒಂದೆರಡು ನಿಮಿಷ ನರವನ್ನು ಅದುಮಿ, ಬಲೂನನ್ನು ಇಳಿಸಿ ಹೊರತೆಗೆಯುತ್ತಾರೆ. ಆ ಹೊತ್ತಿನಲ್ಲಿ ಹೃದಯಬಡಿತ ತಟ್ಟನೆ ಇಳಿಯಬಹುದಾದ್ದರಿಂದ ಅರಿವಳಿಕೆ ತಜ್ಞರು ಸಿದ್ಧರಾಗಿಯೇ ಇರುತ್ತಾರೆ. ತಾಯಿಗೆ ಹೃದ್ರೋಗವಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ ಮುಂಚೆಯೇ ತಿಳಿಸಿ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ಜೋಮು ಈ ಚಿಕಿತ್ಸೆಯ ಅಚಾತುರ್ಯವಲ್ಲ, ನೋವು ಬಿಡುವುದಕ್ಕೆ ತೆರುವ ಬೆಲೆ. ನರಕ್ಕೆ ಒಂದಿಷ್ಟು ಪೆಟ್ಟಾಗುವುದರಿಂದಲೇ ಶೂಲೆ ನಿಲ್ಲುತ್ತದೆ. ಹೆಚ್ಚಿನವರಲ್ಲಿ ಜೋಮು ವಾರಗಳು, ತಿಂಗಳುಗಳು ಕಳೆದಂತೆ ಇಳಿಯುತ್ತದೆ, ಪೂರ್ತಿ ಹೋಗದೆಯೂ ಇರಬಹುದು. ಅಗಿಯುವ ಬಲ ಆ ಬದಿಯಲ್ಲಿ ಕೆಲವು ತಿಂಗಳು ಕುಂದುತ್ತದೆ. ಮೆತ್ತಗಿನ ಅನ್ನ ಹಾಕಿ. ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಏಳುವುದುಂಟು. ಜೋಮಿನ ಜಾಗದಲ್ಲೇ ಉರಿಯುವ ಹೊಸ ನೋವು ಹುಟ್ಟುವುದು ಅಪರೂಪ, ಆದರೆ ಹುಟ್ಟಿದರೆ ಶಮನ ಕಷ್ಟ. ಕಣ್ಣು ಕೆಂಪಾದರೆ ತಡಮಾಡದೆ ತೋರಿಸಿ. ವರ್ಷಗಳ ಬಳಿಕ ನೋವು ಮರಳಬಹುದು. ಆಗ ಮತ್ತೆ ಮಾಡಲು ಅಡ್ಡಿಯಿಲ್ಲ.

ನಿಮ್ಮ ತಾಯಿಯ ವಯಸ್ಸಿಗೆ, ಮಾತ್ರೆ ಒಗ್ಗದ ಸ್ಥಿತಿಗೆ ಈ ಸಲಹೆ ಸಮಂಜಸವೆಂದೇ ನನಗೆ ತೋರುತ್ತದೆ. ಆದರೆ ಚಿಕಿತ್ಸೆಯ ಮರುದಿನವೇ ನೋವು ಹೋಯಿತೆಂದು ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬೇಡಿ, ವೈದ್ಯರು ಹೇಳಿದಂತೆ ಇಳಿಸುತ್ತ ಬನ್ನಿ.

ಪ್ರಶ್ನೆ: ನನಗೆ 42 ವರ್ಷ, ಇದೇ ಕಾಯಿಲೆ. ನನಗೆ ಬಲೂನಲ್ಲ, ತಲೆಬುರುಡೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ ಸೂಚಿಸಿದ್ದಾರೆ. ಯಾಕೆ?
— ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಎಂಆರ್‌ಐನಲ್ಲಿ ರಕ್ತನಾಳವೊಂದು ನರವನ್ನು ಒತ್ತುತ್ತಿರುವುದು ಕಂಡಿರಬೇಕು. ಕಿವಿಯ ಹಿಂದಿನಿಂದ ಹೋಗಿ ನಾಳವನ್ನು ಸರಿಸಿ, ನಡುವೆ ಟೆಫ್ಲಾನಿನ ಮೆತ್ತೆಯಿಟ್ಟರೆ ನರಕ್ಕೆ ಪೆಟ್ಟಿಲ್ಲದೆ ಕಾರಣವೇ ನಿವಾರಣೆಯಾಗುತ್ತದೆ. ಉಪಶಮನವೂ ಹೆಚ್ಚು ಕಾಲ ಬಾಳುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆಯನ್ನು ತಾಳಿಕೊಳ್ಳುವ ವಯಸ್ಸು ನಿಮ್ಮದು.