ಡರ್ಹಾಮ್: ಅಮ್ಮನ ಜೊತೆ ನಡೆದೇ ನೋಡಬಹುದು

ಅಮ್ಮನಿಗೆ ಮಂಡಿನೋವು, ಇಂಗ್ಲೆಂಡಿನ ಯಾರ್ಕ್‌ನಿಂದ ಒಂದೇ ದಿನಕ್ಕೆ ಹೋಗಿ ಡರ್ಹಾಮ್ ನಡೆದು ನೋಡಬಹುದಾ ಎಂದು ಕೇಳಿದ್ದೀರಿ. ಖಂಡಿತ ನೋಡಬಹುದು. ರೈಲಿನಲ್ಲಿ ಒಂದು ಗಂಟೆಯೂ ಬೇಡ. ಊರು ಚಿಕ್ಕದು, ಆದರೆ ಏರು ಜಾಸ್ತಿ. ಸ್ಟೇಷನ್ನೂ ಗುಡ್ಡದ ಮೇಲೆ, ಕತೀಡ್ರಲ್ಲೂ (ಊರಿನ ಹಳೆಯ ದೊಡ್ಡ ಚರ್ಚು) ಗುಡ್ಡದ ಮೇಲೆ, ನಡುವೆ ವೇರ್ ನದಿ. ಅಮ್ಮನನ್ನು ಸ್ಟೇಷನ್ನಿನಿಂದ ಟ್ಯಾಕ್ಸಿಯಲ್ಲೇ ಕತೀಡ್ರಲ್ ಮುಂದಿನ ಹುಲ್ಲುಹಾಸು, ಪ್ಯಾಲೇಸ್ ಗ್ರೀನ್‌ಗೆ ಕರೆದುಕೊಂಡು ಹೋಗಿ. ಅಲ್ಲಿಗೆ ಹತ್ತುವ ಸ್ಯಾಡ್ಲರ್ ಸ್ಟ್ರೀಟಿನ ಏರು ಮಂಡಿಗೆ ಒಳ್ಳೆಯದಲ್ಲ.

ಕತೀಡ್ರಲ್ ಕಟ್ಟಲು ಶುರು ಮಾಡಿದ್ದು 1093ರಲ್ಲಿ. ಒಳಗಿನ ಕಂಬಗಳು ಎಷ್ಟು ದಪ್ಪ ಅಂದರೆ, ಒಬ್ಬರಿಗೆ ತಬ್ಬಲು ಆಗುವುದೇ ಇಲ್ಲ. ಒಂದೊಂದರ ಮೇಲೂ ಅಂಕುಡೊಂಕು ಗೆರೆ, ವಜ್ರಾಕಾರದ ಕೆತ್ತನೆ. ಪೂರ್ವದ ತುದಿಯ ಪ್ರಾರ್ಥನಾ ಕೋಣೆ, ನೈನ್ ಆಲ್ಟರ್ಸ್ ಚಾಪೆಲ್‌ಗೆ ಹೋಗಿ ಅಲ್ಲಿನ ಸಣ್ಣ ಕಪ್ಪು ಕಂಬಗಳನ್ನು ಹತ್ತಿರದಿಂದ ನೋಡಿ. ನುಣ್ಣಗಿನ ಕಲ್ಲಿನೊಳಗೆ ಬಿಳಿ ಬಿಳಿ ಹವಳದ ಅಚ್ಚುಗಳಿವೆ. ಕೋಟ್ಯಂತರ ವರ್ಷ ಹಿಂದೆ ಸಮುದ್ರದಲ್ಲಿದ್ದ ಜೀವಗಳು ಅವು! ಕಣ್ಣು ಕೀಳಲು ಆಗುವುದಿಲ್ಲ.

ಗೋಪುರಕ್ಕೆ 325 ಮೆಟ್ಟಿಲು. ಅಮ್ಮ ಒಳಗೆ ಕೂತಿರಲಿ, ಬೇಕಿದ್ದರೆ ನೀವು ಹತ್ತಿ. ಆಮೇಲೆ ಸೌತ್ ಬೈಲಿ ರಸ್ತೆಯ ಕಡೆಯಿಂದ ಪ್ರೆಬೆಂಡ್ಸ್ ಸೇತುವೆಗೆ ಇಳಿಯಿರಿ. ಆಚೆ ದಡದಿಂದ ಮರಗಳ ಮೇಲೆ ಎದ್ದು ನಿಂತ ಗೋಪುರಗಳು ಕಾಣುತ್ತವೆ. ಆ ದಾರಿ ಮಳೆ ಬಂದರೆ ಜಾರುತ್ತದೆ, ಒಳ್ಳೆಯ ಶೂ ಹಾಕಿಕೊಳ್ಳಿ.