ಕಾಯ್ಲೋವರ್ ಆಮೇಲೆ, ಮೊದಲು ಆರ್ಮ್ ನೋಡಿ

2012ರ ಮಸ್ಟ್ಯಾಂಗ್ ಜಿಟಿ, ಸ್ಪ್ರಿಂಗ್ ಬದಲಿಸಿ ಒಂದೂವರೆ ಇಂಚು ತಗ್ಗಿಸಿದ್ದೀರಿ. ಈಗ ಫಸ್ಟ್ ಗೇರ್‌ನಲ್ಲಿ ಕ್ಲಚ್ ಬಿಟ್ಟರೆ ಹಿಂದಿನ ಚಕ್ರ ದಡದಡ ಕುಣಿಯುತ್ತದೆ, ಕಾಯ್ಲೋವರ್ (ಸ್ಪ್ರಿಂಗ್, ಶಾಕ್ ಒಂದೇ ಜೋಡಣೆಯಾಗಿ ಬರುವುದು) ಹಾಕಿಸಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ ಸರ್. ಅಷ್ಟು ದುಡ್ಡು ಸುಮ್ನೆ ಹೋಗುತ್ತದೆ.

ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರುವಾಗ ಕೆಳಗೆ ಬಗ್ಗಿ ಲೋವರ್ ಕಂಟ್ರೋಲ್ ಆರ್ಮ್ ನೋಡಿ, ಅಂದರೆ ಹಿಂದಿನ ಚಕ್ರಗಳ ಅಚ್ಚನ್ನು (ಆಕ್ಸಲ್) ಬಾಡಿಗೆ ಸೇರಿಸುವ ಕೆಳಗಿನ ತೋಳು. ಅದು ಆಕ್ಸಲ್‌ನಿಂದ ಮುಂದಕ್ಕೆ ಸ್ವಲ್ಪ ಮೇಲೇರುತ್ತಿರಬೇಕು. ಎಂಜಿನ್ ಎಳೆದಾಗ ಟೈರನ್ನು ನೆಲಕ್ಕೆ ಒತ್ತುವುದು ಆ ಓರೆಯೇ. ಬಾಡಿ ಇಳಿದರೆ ಆರ್ಮ್‌ನ ಮುಂದಿನ ತುದಿಯೂ ಇಳಿಯುತ್ತದೆ, ಒತ್ತಡ ಕಮ್ಮಿಯಾಗುತ್ತದೆ. ಆರ್ಮ್‌ನ ತುದಿಗಳಲ್ಲಿರುವ ಮೆತ್ತಗಿನ ರಬ್ಬರ್ ಬುಷ್ ಬೇರೆ ಹಿಸುಕಿಕೊಂಡು ವಾಪಸ್ ಚಿಮ್ಮುತ್ತದೆ. ಕುಣಿತ ಅಲ್ಲಿಂದಲೇ, ಅಲ್ವಾ?

ಹಾಗಾಗಿ ಗಟ್ಟಿ ಬುಷ್‌ನ ಲೋವರ್ ಆರ್ಮ್, ಜೊತೆಗೆ ರಿಲೊಕೇಶನ್ ಬ್ರ್ಯಾಕೆಟ್ ಹಾಕಿಸಿ. ಈ ಬ್ರ್ಯಾಕೆಟ್ ಆರ್ಮ್‌ನ ಹಿಂದಿನ ತುದಿಯನ್ನು ಕೆಳಕ್ಕೆ ತಂದು ಓರೆ ವಾಪಸ್ ಕೊಡುತ್ತದೆ. ಬ್ರ್ಯಾಕೆಟ್‌ನಲ್ಲಿ ಎರಡು ಮೂರು ತೂತು ಇದ್ದರೆ ಮೇಲಿನದರಿಂದ ಶುರು ಮಾಡಿ. ಓರೆ ಜಾಸ್ತಿಯಾದರೆ ಜೋರಾಗಿ ಬ್ರೇಕ್ ಹಾಕಿದಾಗ ಕುಣಿಯುತ್ತದೆ! ಬೋಲ್ಟ್‌ಗಳನ್ನು ಮಾತ್ರ ಚಕ್ರದ ಮೇಲೆ ಗಾಡಿಯ ಭಾರ ಕೂತಾಗಲೇ ಬಿಗಿ ಮಾಡಿಸಿ.

ಆಕ್ಸಲ್‌ನ ಮೇಲ್ಭಾಗವನ್ನು ಬಾಡಿಗೆ ಸೇರಿಸುವ ಅಪ್ಪರ್ ಆರ್ಮ್‌ಗೆ ಅವಸರ ಬೇಡ. ನಾನು ಅಲ್ಲೂ ಗಟ್ಟಿ ಬುಷ್ ಹಾಕಿಸಿದೆ, ಡಿಫರೆನ್ಷಿಯಲ್‌ನ (ಆಕ್ಸಲ್ ನಡುವಿನ ಗೇರ್‌ಗಳ) ಕುಯ್ಯೋ ಸದ್ದು ಸೀದಾ ಹಿಂದಿನ ಸೀಟಿಗೆ ಬಂತು. ತಿಂಗಳೊಳಗೆ ತೆಗೆಸಿದೆ.

ಅಂದ ಹಾಗೆ, ಟೈರ್ ಎಷ್ಟು ಹಳೆಯದು? ಕಲ್ಲಾಗಿದ್ದರೆ ಅದನ್ನೇ ಮೊದಲು ಬದಲಿಸಿ.