ತಿನ್ನಲು ನಿಂತನೋ, ತಿನ್ನುವುದನ್ನೇ ಬಿಟ್ಟನೋ?

ಪ್ರಶ್ನೆ: ‘ಐ ವಾಂಟ್ ಟು ರೀಡ್’ ಸರಿ, ‘ಐ ಎಂಜಾಯ್ ಟು ರೀಡ್’ ತಪ್ಪು. ಯಾಕೆ?
– ಪಿಯು ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮುಂದೆ ‘ಟು’ ಬರಬೇಕೋ ‘ಇಂಗ್’ (‘ಐ ಎಂಜಾಯ್ ರೀಡಿಂಗ್’ನಲ್ಲಿ ಇರುವಂತೆ) ಬರಬೇಕೋ ಎಂಬುದನ್ನು ಮೊದಲ ಕ್ರಿಯಾಪದವೇ ನಿರ್ಧರಿಸುತ್ತದೆ. ವಾಂಟ್, ಹೋಪ್, ಡಿಸೈಡ್: ಇನ್ನೂ ಆಗಬೇಕಾದ ಕೆಲಸ, ಹಾಗಾಗಿ ಟು. ಎಂಜಾಯ್, ಫಿನಿಶ್, ಅವಾಯ್ಡ್‌ಗೆ ಇಂಗ್. ಇವನ್ನು ಬಾಯಿಪಾಠ ಮಾಡಲೇಬೇಕು.

ನಿಜವಾದ ತೊಡಕು ‘ಸ್ಟಾಪ್’ನದು. ಬೆಣ್ಣೆ ದೋಸೆ ಹೋಟೆಲಿನ ಮುಂದೆ ‘ಹಿ ಸ್ಟಾಪ್ಡ್ ಟು ಈಟ್’ ಎಂದರೆ ತಿನ್ನಲೆಂದು ನಿಂತ. ‘ಸ್ಟಾಪ್ಡ್ ಈಟಿಂಗ್’ ಎಂದರೆ ತಿನ್ನುವುದನ್ನೇ ನಿಲ್ಲಿಸಿದ. ಎರಡೂ ಸರಿ, ಅರ್ಥ ಮಾತ್ರ ತದ್ವಿರುದ್ಧ!

ನಮ್ಮವರು ಹೆಚ್ಚು ಎಡವುವುದು ‘ಹೋಗಲು ಸೂಚಿಸಿದರು’ ಎಂಬುದನ್ನು ಹಾಗೇ ಇಳಿಸಿ ‘ಸಜೆಸ್ಟೆಡ್ ಮಿ ಟು ಗೋ’ ಎಂದು ಬರೆಯುವಾಗ. ‘ಸಜೆಸ್ಟೆಡ್ ದಟ್ ಐ ಗೋ’ ಎನ್ನಿ. ‘ಅಡ್ವೈಸ್ಡ್ ಮಿ ಟು ಗೋ’ ಕೂಡ ಸರಿ.